ನೆರಳು ಆಫ್

ಹಳೇ ಡೆಸ್ಕ್‌ಟಾಪಿನಲ್ಲಿ ಗೇಮ್ ಆಡುವವರಿಗೆ ಮೊದಲ ಸುತ್ತು ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ. ಹೊಸ ಮಷೀನಿನವರು ಅತ್ತ ತಲೆ ಹಾಕುವುದಿಲ್ಲ, ಅವರ ಪುಣ್ಯ. ನಮ್ಮಂಥವರು ಅಲ್ಲಿ ಕೂತು ಸಂಸಾರದ ಖರ್ಚು ಕಡಿತ ಮಾಡಬೇಕು. ರೆಸಲ್ಯೂಷನ್ 1920×1080 ಇದ್ದರೆ ಒಂದೊಂದು ಫ್ರೇಮಿಗೂ, ಅಂದರೆ ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರಕ್ಕೂ, 20 ಲಕ್ಷಕ್ಕೂ ಮಿಕ್ಕಿ ಚುಕ್ಕಿಗಳಿಗೆ ಬಣ್ಣ ತುಂಬಬೇಕು; 1280×720ಕ್ಕೆ ಇಳಿಸಿದರೆ 9 ಲಕ್ಷ ಚಿಲ್ಲರೆಯಲ್ಲಿ ಮುಗಿಯುತ್ತದೆ. ಸೆಕೆಂಡಿಗೆ 60 ಫ್ರೇಮ್ ಬೇಕೆಂಬ ಆಸೆಯನ್ನು ನಾನಂತೂ ಬಿಟ್ಟಾಗಿದೆ. 24 ಬಂದರೆ ಆ ದಿನ ಹಬ್ಬ.

ಇಷ್ಟಾದರೂ ಸಾಲದಿದ್ದರೆ ನೆರಳಿಗೆ ಕತ್ತರಿ. ಬೆಳಕು ಎಲ್ಲಿದೆಯೋ ಅಲ್ಲಿಂದ ನೋಡಿದಂತೆ ಇಡೀ ದೃಶ್ಯವನ್ನು ಇನ್ನೊಮ್ಮೆ ಬಿಡಿಸಿಕೊಂಡ ಮೇಲೇ ಗ್ರಾಫಿಕ್ಸ್ ಕಾರ್ಡಿಗೆ ಯಾವುದರ ನೆರಳು ಎಲ್ಲಿ ಬೀಳಬೇಕೆಂದು ತಿಳಿಯುವುದು. ಆ ದುಪ್ಪಟ್ಟು ದುಡಿಮೆ ತಪ್ಪಿದ್ದೇ ತಡ, ಒಳಗಿನ ಫ್ಯಾನಿನ ಕಿರುಚಾಟ ಒಂದು ಶ್ರುತಿ ಇಳಿಯುತ್ತದೆ. ಆದರೆ ಪರದೆಯ ಮೇಲಿನ ಜನರೆಲ್ಲ ರಸ್ತೆಯಿಂದ ಎರಡು ಬೆರಳು ಮೇಲೆ ತೇಲತೊಡಗುತ್ತಾರೆ. ದಮಯಂತಿಯ ಸ್ವಯಂವರದಲ್ಲಿ ಐವರು ನಳರು ಸಾಲಾಗಿ ಕೂತಾಗ ಅವಳು ದೇವತೆಗಳ ಗುಟ್ಟು ಹಿಡಿದದ್ದು ಹೀಗೇ ತಾನೆ? ನೆರಳಿಲ್ಲ, ಪಾದ ನೆಲಕ್ಕೆ ತಾಗುವುದಿಲ್ಲ, ರೆಪ್ಪೆ ಮಿಟುಕುವುದಿಲ್ಲ. ಆ ಲೆಕ್ಕದಲ್ಲಿ ನಮ್ಮನೆ ಕಂಪ್ಯೂಟರಿನ ಗಲ್ಲಿ ರೌಡಿಗಳೆಲ್ಲ ಇಂದ್ರ, ವರುಣರೇ.

ರಜೆಗೆ ಬಂದ ಅಕ್ಕನ ಮಗ ಇದನ್ನೆಲ್ಲ ನೋಡಿ, "ಮಾಮ, ಇದ್ರಲ್ಲಿ ನಾವು ಹತ್ರ ಹೋದ್ಮೇಲೇ ಮರ ಹುಟ್ಟತ್ತಲ್ಲ!" ಅಂದ. ಎಷ್ಟು ದೂರದವರೆಗೆ ಕಾಣಬೇಕು ಅನ್ನುವುದನ್ನೂ ನಾನು ಕಡಿಮೆ ಮಾಡಿಟ್ಟಿದ್ದೆ.

ಯಂತ್ರದ ಉಪಚಾರವೂ ಆಟದ ಭಾಗವೇ. ಆನ್ ಮಾಡಿದಾಗ ಪರದೆ ಕಪ್ಪಾಗಿಯೇ ಉಳಿದು ಬೀಪ್ ಬೀಪ್ ಎಂದರೆ ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಕಟಕ್ ಅನ್ನುವ ತನಕ ಒತ್ತಿ ಕೂರಿಸಬೇಕು. ಮದರ್‌ಬೋರ್ಡಿನ ಗಡಿಯಾರ ನಡೆಸುವ ಬಿಲ್ಲೆಯಂಥ ಸೆಲ್ ಸತ್ತರೆ ಮಷೀನಿಗೆ ಪ್ರತಿ ಬೆಳಿಗ್ಗೆಯೂ 2009ರ ಜನವರಿ ಒಂದು. ಬ್ರೌಸರ್ ಆ ತಾರೀಖು ನೋಡಿ ಯಾವ ಸೈಟನ್ನೂ ನಂಬುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೆ ಈ ಸೆಲ್ಲೂ ಸಿಗುತ್ತದೆ, "ಸಾರ್, ಇದನ್ನ ಕೊಟ್ಟು ಹೊಸದು ತಗೊಳ್ಳಿ" ಅನ್ನುವ ಉಪದೇಶವೂ ಸಿಗುತ್ತದೆ. ನಾನು ಸೆಲ್ ಮಾತ್ರ ತರುತ್ತೇನೆ.

ಏಕೆಂದರೆ ಈ ಮಷೀನಿಗೆ ಒಗ್ಗುವ ಆಟಗಳೂ ಇವೆಯಲ್ಲ. 2006ರ ‘ಕ್ರಿಕೆಟ್ 07’ ಇದರಲ್ಲಿ ನೀರು ಕುಡಿದಷ್ಟು ಸಲೀಸಾಗಿ ಓಡುತ್ತದೆ. ಲೈಸೆನ್ಸ್ ಇಲ್ಲದ್ದರಿಂದ ಅದರಲ್ಲಿ ನಮ್ಮ ಆಟಗಾರರ ಹೆಸರುಗಳೆಲ್ಲ ತಿರುಚಿಕೊಂಡಿದ್ದವು. ಅದು ಬಂದಾಗ ಐಪಿಎಲ್ ಇನ್ನೂ ಹುಟ್ಟಿರಲಿಲ್ಲ. ಆ ಆಟ ತಯಾರಿಸಿದವರು ಅದನ್ನು ಮರೆತರೂ ಅಭಿಮಾನಿಗಳು ಬಿಡಲಿಲ್ಲ. ಹೆಸರು ತಿದ್ದಿ, ಹೊಸ ಜೆರ್ಸಿ ಹೊಲಿದು, ತಂಡಗಳನ್ನೇ ಕಟ್ಟಿ ಪ್ಯಾಚ್ ಮೇಲೆ ಪ್ಯಾಚ್ ಹಾಕುತ್ತ ಬಂದರು. ಸಂಬಳವಿಲ್ಲದ ಇಂಥ ಕೆಲಸ ಮಾಡುವವರ ಮೇಲೆ ನನಗೆ ಭಾರೀ ಗೌರವ.

ಮರಗಳನ್ನು ನೋಡಿ ನಕ್ಕವನೇ ಈಗ ಇದಕ್ಕೆ ಅಂಟಿಕೊಂಡಿದ್ದಾನೆ. 2025ರಲ್ಲಿ ಕಪ್ ಗೆದ್ದ ಆರ್‌ಸಿಬಿ ಬೇಕೇ ಬೇಕು ಅಂದ, ಹಾಕಿಕೊಟ್ಟೆ. ಕೊಹ್ಲಿಯನ್ನು ಓಪನಿಂಗ್ ಇಳಿಸಿ ಮೊದಲನೇ ಬಾಲಿಗೇ ಬೌಲ್ಡ್ ಮಾಡಿಸಿಕೊಂಡು ಕೀಬೋರ್ಡ್ ಮೇಲೆ ಗುದ್ದಿದ.

"ನಾನು ಸರಿಯಾಗೇ ಒತ್ತಿದ್ದೆ. ಲ್ಯಾಗ್ ಆಯ್ತು, ಮಾಮ!"