ಕಂಪ್ಯೂಟರ್ ಬದಲಾವಣೆ: ಎಲ್ಲವನ್ನೂ ಒಂದೇ ಸಲ ಕೊಳ್ಳಬೇಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್, ಅಂದರೆ ಪುಕ್ಕಟೆ ಭದ್ರತಾ ಅಪ್‌ಡೇಟ್, ನಿಂತಿದ್ದು 2025ರ ಅಕ್ಟೋಬರ್ 14ರಂದು. ಸಣ್ಣ ಆಫೀಸು, ಸಹಕಾರ ಸಂಘ, ಶಾಲೆಗಳ ಕಂಪ್ಯೂಟರ್ ನೋಡಿಕೊಳ್ಳುವ ನನ್ನಂಥವರಿಗೆ ಆಗಿನಿಂದ ಬರುವ ಪ್ರಶ್ನೆ ಒಂದೇ. "ಸಾರ್, ಎಲ್ಲಾ ಸಿಸ್ಟಮ್ ತೆಗೆದು ಹೊಸದು ಹಾಕಿಸಬೇಕಂತೆ, ಹೌದಾ?" ಅಷ್ಟರಲ್ಲಿ ಅಂಗಡಿಯವರ ಕೊಟೇಶನ್ ಟೇಬಲ್ ಮೇಲೆ ಬಂದು ಕೂತಿರುತ್ತದೆ. ಕೆಲವರು ಹೇಗೋ ದುಡ್ಡು ಹೊಂದಿಸಿ ಎಲ್ಲವನ್ನೂ ಒಟ್ಟಿಗೆ ಕೊಳ್ಳುತ್ತಾರೆ. ಉಳಿದವರು "ನಡೀತಾ ಇದೆಯಲ್ಲ, ನಡೀಲಿ ಬಿಡಿ" ಅಂತ ಸುಮ್ಮನಾಗುತ್ತಾರೆ. ನನ್ನ ಪ್ರಕಾರ ಎರಡೂ ತಪ್ಪು.

ಮೊದಲು ಸುಮ್ಮನಾಗುವವರ ವಿಷಯ. ಸಪೋರ್ಟ್ ನಿಂತ ಮರುದಿನವೂ ಕಂಪ್ಯೂಟರ್ ಎಂದಿನಂತೆ ಆನ್ ಆಗುತ್ತದೆ, ಅದಕ್ಕೇ ಯಾರಿಗೂ ಭಯ ಇಲ್ಲ. ಫೈಲುಗಳನ್ನು ಲಾಕ್ ಮಾಡಿ ದುಡ್ಡು ಕೇಳುತ್ತಿದ್ದ 2017ರ ಮೇ ತಿಂಗಳ ವಾನಾಕ್ರೈ ವೈರಸ್ ನೆನಪಿದೆಯಾ? ವಿಂಡೋಸ್‌ನಲ್ಲಿ ಅದು ನುಗ್ಗಿದ ಕಿಂಡಿ ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದೆ ಬಿಟ್ಟವರ ಫೈಲುಗಳು ಲಾಕ್ ಆದವು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳೇ ಮುಂದಕ್ಕೆ ಹೋದವು. ಸಪೋರ್ಟ್ ಇಲ್ಲದ ಯಂತ್ರಕ್ಕೆ ಹಾಕಿಕೊಳ್ಳಲು ಅಪ್‌ಡೇಟೇ ಬರುವುದಿಲ್ಲ. ಸದಸ್ಯರ ಆಧಾರ್, ಖಾತೆ, ಸಾಲದ ಲೆಕ್ಕ ಎಲ್ಲಾ ಅದರಲ್ಲೇ ಇರುತ್ತದೆ ಅಲ್ವಾ?

ಹಾಗಂತ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೂ ಕಷ್ಟ. ದುಡ್ಡಿನ ಹೊರೆ ಇದ್ದೇ ಇದೆ. ಅದಕ್ಕಿಂತ ಜಾಸ್ತಿ ಕಾಡುವುದು ಆಮೇಲಿನ ವಾರಗಳು. ಹಳೇ ಪ್ರಿಂಟರಿಗೆ ಡ್ರೈವರ್ ಸಾಫ್ಟ್‌ವೇರ್ ಸಿಗುವುದಿಲ್ಲ. ಡಿಜಿಟಲ್ ಸಹಿಯ ಟೋಕನ್ ಚುಚ್ಚಿದರೆ ಹೊಸ ಸಿಸ್ಟಮ್ ಗುರುತಿಸುವುದಿಲ್ಲ, ರಿಟರ್ನ್ ಕೊನೇ ದಿನ ಅಂದೇ ಇರುತ್ತದೆ. ಇನ್ನು ಕನ್ನಡದ ಕಡತಗಳು! ಎಷ್ಟೋ ಆಫೀಸುಗಳಲ್ಲಿ ಹಳೇ ನಡಾವಳಿ, ನೋಟಿಸು, ಪತ್ರಗಳೆಲ್ಲಾ ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿವೆ, ಎಲ್ಲಾ ಕಂಪ್ಯೂಟರಿನಲ್ಲೂ ಓದಲು ಬರುವ ಯುನಿಕೋಡ್ ಅಲ್ಲ. ಆ ಫಾಂಟಿಲ್ಲದ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಸಾಲುಗಟ್ಟಿ ನಿಂತಿರುತ್ತವೆ. "ಫೈಲ್ ಹಾಳಾಗಿದೆ" ಅಂತ ಯಾರೋ ಡಿಲೀಟ್ ಮಾಡಿಬಿಟ್ಟರೆ ಮುಗಿಯಿತು. ಒಂದು ಸಿಸ್ಟಮ್ ಮೊದಲು ಬದಲಾಯಿಸಿದರೆ ಇವೆಲ್ಲ ಅಲ್ಲೇ ಗೊತ್ತಾಗುತ್ತದೆ. ಫಾಂಟ್ ಹಾಕಿ, ಮುಖ್ಯವಾದ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ, ಪ್ರೂಫ್ ನೋಡಿ, ಆಮೇಲೆ ಮುಂದಿನ ಸಿಸ್ಟಮ್ಮಿಗೆ ಕೈ ಹಾಕಬಹುದು.

ಹಾಗಾದರೆ ಯಾವುದು ಮೊದಲು? ಯಂತ್ರದ ವಯಸ್ಸಿಗಿಂತ ಅದರಲ್ಲಿ ನಡೆಯುವ ಕೆಲಸ ನೋಡಿ. ನೆಟ್ ಬ್ಯಾಂಕಿಂಗ್, ಮೇಲ್, ಡಿಜಿಟಲ್ ಸಹಿ ಇರುವ ಕಂಪ್ಯೂಟರ್ ಮೊದಲು. ಯಾವುದೋ ಹಳೇ ಉಪಕರಣ ನಡೆಸಲಷ್ಟೇ ಇಟ್ಟಿರುವ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ಕಿತ್ತು, ಸಿಕ್ಕ ಸಿಕ್ಕ ಪೆನ್‌ಡ್ರೈವ್ ಹಾಕದಂತೆ ನೋಡಿಕೊಂಡರೆ ಇನ್ನಷ್ಟು ದಿನ ಇಡಬಹುದು.

ಕೊಳ್ಳುವ ಮೊದಲು, ಇರುವುದಕ್ಕೇ ವಿಂಡೋಸ್ 11 ಹಾಕಬಹುದಾ ಅಂತ ಪರೀಕ್ಷೆ ಮಾಡಿ. ಪ್ರೊಸೆಸರ್ ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು, ಎಎಂಡಿ ಆದರೆ ರೈಜೆನ್ 2000 ಸರಣಿ, ಅಲ್ಲಿಂದ ಮೇಲಿನದಕ್ಕೆ ವಿಂಡೋಸ್ 11 ಬರುತ್ತದೆ. 2017ರಲ್ಲಿ ಕೊಂಡ ಎರಡು ಕಂಪ್ಯೂಟರುಗಳಲ್ಲಿ ಐ5-7400 ಇರುವುದು ಹೊರಗೆ, ಐ5-8400 ಇರುವುದು ಒಳಗೆ. ವಿಂಡೋಸ್ 11ಕ್ಕೆ ಟಿಪಿಎಂ ಎಂಬ ಭದ್ರತಾ ವ್ಯವಸ್ಥೆಯೂ ಬೇಕು. "ನಿಮ್ಮದಕ್ಕೆ ಟಿಪಿಎಂ ಇಲ್ಲ, ಬರಲ್ಲ" ಅಂದರೆ ಅಲ್ಲಿಗೇ ಬಿಡಬೇಡಿ. ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಬಯಾಸ್ ಸೆಟ್ಟಿಂಗ್ ಒಳಗೆ ಹೋಗಿ ನೋಡಿ, ಅದೇ ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅನ್ನೋ ಹೆಸರಲ್ಲಿ ಇರುತ್ತದೆ. ಎಷ್ಟೋ ಕಡೆ ಅದು ಆಫ್ ಆಗಿರುತ್ತದೆ ಅಷ್ಟೇ. ಆನ್ ಮಾಡಿದರೆ ಒಂದು ಕಂಪ್ಯೂಟರಿನ ದುಡ್ಡು ಉಳಿಯಿತು.

ಬ್ರೌಸರ್ ಬಿಟ್ಟು ಬೇರೇನೂ ಬೇಡದ ಸಿಸ್ಟಮ್ಮಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ, ಹಳೇ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಕೂರಿಸಿ. ಯುನಿಕೋಡ್ ಕನ್ನಡ ಟೈಪಿಂಗ್ ಅದರಲ್ಲೂ ಚೆನ್ನಾಗಿದೆ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಉಬುಂಟು ಎಂಬ ಇನ್ನೊಂದು ಲಿನಕ್ಸ್ ಆಧಾರಿತ ವ್ಯವಸ್ಥೆಯಲ್ಲೇ ಪಾಠ ಮಾಡುತ್ತಿವೆ. ನಮ್ಮ ಶಾಲೆಗಳ ಲ್ಯಾಬಿಗೂ ಇದು ಆಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಉಳಿದದ್ದಕ್ಕೆ ಸಮಯ ಕೊಳ್ಳಬಹುದು. ಹೆಚ್ಚುವರಿ ಭದ್ರತಾ ಅಪ್‌ಡೇಟಿಗೆ ಆಫೀಸುಗಳಿಗೆ ಮೈಕ್ರೋಸಾಫ್ಟ್ ಇಟ್ಟ ಬೆಲೆ ಒಂದು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್. ಆಮೇಲೆ ವರ್ಷ ವರ್ಷ ದುಪ್ಪಟ್ಟು, ಮೂರು ವರ್ಷದ ತನಕ. ಶಾಲೆಗಳಿಗೆ ಮೊದಲ ವರ್ಷ 1 ಡಾಲರ್ ಅಷ್ಟೇ. ಆಫೀಸುಗಳು ಮೂರೂ ವರ್ಷ ಕಟ್ಟುತ್ತಾ ಕೂರುವುದು ದಂಡ. ಬದಲಾಯಿಸುವ ತಾರೀಖು ಗೊತ್ತುಮಾಡಿಕೊಂಡು ಒಂದು ವರ್ಷ ಕಟ್ಟಿ.

ಸಪೋರ್ಟ್ ನಿಲ್ಲುವ ಈ ತಾರೀಖುಗಳು ದಿಢೀರ್ ಬರುವುದಿಲ್ಲ. ವಿಂಡೋಸ್ ಎಕ್ಸ್‌ಪಿ 2014ರ ಏಪ್ರಿಲ್ 8, ವಿಂಡೋಸ್ 7 2020ರ ಜನವರಿ 14. ಎಲ್ಲವೂ ವರ್ಷಗಳ ಮೊದಲೇ ಗೊತ್ತಿದ್ದವು. ಮೈಕ್ರೋಸಾಫ್ಟ್‌ನ ಆಫೀಸ್ 2021 ಸಾಫ್ಟ್‌ವೇರಿಗೂ, ವಿಂಡೋಸ್ 11ರ 2024ರ ಆವೃತ್ತಿಯಾದ 24ಎಚ್2ರ ಹೋಮ್, ಪ್ರೊಗಳಿಗೂ 2026ರ ಅಕ್ಟೋಬರ್ 13 ಅಂತ ಗಡುವಿದೆ. 24ಎಚ್2ಗೆ ಮುಂದಿನ ಆವೃತ್ತಿ ಪುಕ್ಕಟೆ ಸಿಗುತ್ತದೆ, ಆಫೀಸ್‌ಗೆ ದುಡ್ಡು ಬೇಕು. ಒಂದು ರಿಜಿಸ್ಟರ್ ಇಡಿ. ಯಾವ ಪ್ರೊಸೆಸರ್, ಯಾವಾಗ ಕೊಂಡಿದ್ದು, ಯಾವ ಕೆಲಸಕ್ಕೆ, ಸಪೋರ್ಟ್ ಯಾವಾಗ ಮುಗಿಯುತ್ತದೆ, ಇಷ್ಟು ಬರೆದಿಟ್ಟರೆ ಸಾಕು. ಪ್ರತಿ ವರ್ಷ ನಾಲ್ಕರಲ್ಲಿ ಒಂದು ಭಾಗ ಬದಲಾಯಿಸುತ್ತಾ ಹೋಗಿ.

ಸಂಘಗಳಲ್ಲಿ ನಿರ್ದೇಶಕರಾಗಿರುವ ಗೆಳೆಯರಲ್ಲಿ ಒಂದು ವಿನಂತಿ. ಬಜೆಟ್‌ನಲ್ಲಿ ‘ಕಂಪ್ಯೂಟರ್ ಬದಲಾವಣೆ’ ಅಂತ ಒಂದು ಸಾಲು ಬೇರೆಯೇ ಹಾಕಿ. ‘ರಿಪೇರಿ ಮತ್ತು ಇತರೆ’ಯಲ್ಲಿ ಸೇರಿಸಿದರೆ ಮಾರ್ಚ್ ಬರುವಷ್ಟರಲ್ಲಿ ಆ ದುಡ್ಡು ಟೋನರ್ ಮತ್ತು ಯುಪಿಎಸ್ ಬ್ಯಾಟರಿಗೆ ಹೋಗಿರುತ್ತದೆ.