ಮೂಕ ಗಂಟೆಯೂ ಮೂರನೇ ಮಹಡಿಯೂ

ನಮ್ಮ ಕ್ಲಾಸ್ ರೂಮ್ ಇರುವುದು ಮೂರನೇ ಮಹಡಿಯಲ್ಲಿ. ಲಿಫ್ಟ್ ಇದೆ, ಆದರೆ ಅದು ಸ್ಟಾಫಿಗೆ ಮಾತ್ರ. ಹೋದ ವರ್ಷ ಒಂದು ಬೆಳಿಗ್ಗೆ ತಡವಾಗಿ ಎದ್ದು, ಅಷ್ಟೂ ಮೆಟ್ಟಿಲು ಓಡಿ ಹತ್ತಿ ಬಾಗಿಲು ತಲುಪಿದೆ. ಸರಿಯಾಗಿ ಆಗಲೇ ನನ್ನ ನಂಬರ್ ಕೂಗಿದರು. “ಮೂವತ್ತೆಂಟು.” ನಾನು ಬಾಯಿ ತೆರೆದೆ. ‘ಪ್ರೆಸೆಂಟ್ ಸರ್’ ಅನ್ನುವುದು ಎರಡೇ ಪದ. ಬರಲಿಲ್ಲ. ಹಳೇ ಸೈಕಲ್ ಪಂಪಿನಿಂದ ಬರುವಂಥ ಸದ್ದೊಂದು ಬಂತು. ಸರ್ ತಲೆ ಎತ್ತಲೇ ಇಲ್ಲ. “ಮೂವತ್ತೆಂಟು ಆಬ್ಸೆಂಟ್” ಎಂದು ಬರೆದುಕೊಂಡು ಮುಂದೆ ಹೋದರು. ಎದುರಿಗೇ ನಿಂತಿದ್ದೇನೆ, ಆದರೂ ಗೈರುಹಾಜರಿ!

ಮುಂದಿನ ನಂಬರ್ 39, ನನ್ನ ರೂಮ್‌ಮೇಟ್. ಅವಳು ಹತ್ತು ನಿಮಿಷ ಮುಂಚೆಯೇ ಬಂದು ಕೂತಿದ್ದವಳು. ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ “ಪ್ರೆಸೆಂಟ್ ಸರ್” ಎಂದು ಹೇಳಿ, ನನ್ನ ಕಡೆ ತಿರುಗಿ ನಕ್ಕಳು. ನನ್ನ ವ್ಯಾಯಾಮದ ಹುಚ್ಚು ಶುರುವಾಗಿದ್ದು ಆ ನಗುವಿನಿಂದ. ಯಾರಾದರೂ ಕೇಳಿದರೆ ಆರೋಗ್ಯ, ಆಯಸ್ಸು ಅಂತೆಲ್ಲ ಹೇಳುತ್ತೇನೆ. ನಿಜವಾದ ಕಾರಣ ಅಟೆಂಡೆನ್ಸ್.

ಕಾಲೇಜಿನ ಜಿಮ್ ನೆಲಮಾಳಿಗೆಯಲ್ಲಿದೆ. ಅಂದರೆ ಅಲ್ಲಿಗೂ ಮೆಟ್ಟಿಲೇ. ಮೊದಲ ದಿನ ಹೋದಾಗ ವ್ಯಾಯಾಮ ಕಲಿಸುವ ಪಿ.ಡಿ. ಸರ್, “ಮೊದಲು ಬರೀ ರಾಡ್ ಎತ್ತಮ್ಮ, ಪ್ಲೇಟ್ ಆಮೇಲೆ ನೋಡೋಣ” ಎಂದರು. ಪ್ಲೇಟ್ ಅಂದರೆ ರಾಡಿನ ತುದಿಗೆ ಸಿಕ್ಕಿಸುವ ತೂಕದ ಬಿಲ್ಲೆ. ನನಗೆ ಒಳಗೊಳಗೇ ಸಿಟ್ಟು ಬಂತು. ಬರೀ ರಾಡಾ? ಪರದೆ ಹಾಕುವ ಕಂಬಿಯನ್ನು ಎತ್ತುವ ಹಾಗೆ ಒಂದೇ ಕೈಯಲ್ಲಿ ಹಿಡಿದು ಎಳೆದೆ. ರಾಡ್ ಕದಲಲಿಲ್ಲ. ನಾನು ಕದಲಿದೆ. ಪ್ಲೇಟ್ ಹಾಕದ ಆ ರಾಡೇ 20 ಕೆ.ಜಿ. ಇರುತ್ತದಂತೆ. ಸ್ಪರ್ಧೆಗಳಲ್ಲಿ ಹೆಂಗಸರು ಬಳಸುವುದು 15 ಕೆ.ಜಿ.ಯದು. ಅದು ನಮ್ಮ ಜಿಮ್‌ನಲ್ಲಿ ಇಲ್ಲ. ಇದ್ದಿದ್ದರೂ ಆವತ್ತು ಏನೂ ವ್ಯತ್ಯಾಸ ಆಗುತ್ತಿರಲಿಲ್ಲ ಬಿಡಿ.

ಸರ್ ನಗಲಿಲ್ಲ. ಅದು ಅವರ ದೊಡ್ಡತನ. “ಹೋಗ್ಲಿ, ಬಸ್ಕಿ ಹೊಡಿ. ಹದಿನೈದು ಸಾಕು” ಎಂದರು. ಜಿಮ್ಮಿನಲ್ಲಿ ಅದಕ್ಕೆ ಸ್ಕ್ವಾಟ್ ಅಂತ ಗೌರವದ ಹೆಸರಿದೆ. ಬಸ್ಕಿಯಲ್ಲಿ ನನಗೆ ಒಳ್ಳೇ ಅನುಭವ. ಹೋಮ್‌ವರ್ಕ್ ಮಾಡದೆ ಶಾಲೆಯಲ್ಲಿ ಹೊಡೆದ ಬಸ್ಕಿಗಳಿಗೆ ಲೆಕ್ಕವಿಲ್ಲ. ಸರ್ ಆ ಕಡೆ ಹೋದ ಮೇಲೆ ಹದಿನೈದನ್ನು ಮೂವತ್ತು ಮಾಡಿದೆ, ಮೂವತ್ತನ್ನು ಅರವತ್ತು ಮಾಡಿದೆ. ರಾಡಿನ ಮುಂದೆ ಹೋದ ಮಾನ ವಾಪಸ್ ಬಂದ ಹಾಗಾಯಿತು.

ಆ ರಾತ್ರಿ ಏನೂ ಆಗಲಿಲ್ಲ. ಮರುದಿನ ತೊಡೆ ಸ್ವಲ್ಪ ಬಿಗಿ, ಅಷ್ಟೇ. “ನೋಡಿದ್ಯಾ, ನನ್ನ ಮೈಕಟ್ಟೇ ಬೇರೆ” ಎಂದು ರೂಮ್‌ಮೇಟ್ ಮುಂದೆ ಜಂಬ ಕೊಚ್ಚಿದೆ. ಅದರ ಮಾರನೇ ಬೆಳಿಗ್ಗೆ ಮಂಚದಿಂದ ಏಳಲು ಹೋದೆ. ನಾನು ಎದ್ದೆ, ಕಾಲು ಏಳಲಿಲ್ಲ. ವಾಪಸ್ ಬಿದ್ದೆ.

ಈ ನೋವಿನ ಗುಣವೇ ಇದು. ಮಾಡಿದ ದಿನ ಸುಮ್ನಿರುತ್ತದೆ. 24ರಿಂದ 72 ಗಂಟೆಯೊಳಗೆ, ನಾವು ಪೂರ್ತಿ ಮರೆತಿರುವಾಗ ಬಡ್ಡಿ ಸಮೇತ ವಸೂಲಿಗೆ ಬರುತ್ತದೆ. “ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ ಕಣೇ” ಎಂದಳು ರೂಮ್‌ಮೇಟ್, ಡಾಕ್ಟರ್ ಥರ. ಹೇಳುವವರೆಲ್ಲ ಅದನ್ನೇ ಹೇಳುತ್ತಾರೆ. ಆದರೆ ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯಲ್ಲೇ ಅದು ಖಾಲಿಯಾಗಿರುತ್ತದೆ. ಎರಡು ದಿನ ಕಾದು ಕೂತು ಹಗೆ ತೀರಿಸಿಕೊಳ್ಳಲು ಅದಕ್ಕೇನು ಬೇರೆ ಕೆಲಸ ಇಲ್ವಾ? ನಿಜ ಏನೆಂದರೆ, ಭಾರ ಹೊತ್ತುಕೊಂಡೇ ಸ್ನಾಯು ಉದ್ದವಾಗಬೇಕಾದಾಗ ಅದರ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ದೇಹ ಅದನ್ನು ರಿಪೇರಿ ಮಾಡುವಾಗ ನೋವು. ಮೆಟ್ಟಿಲು ಇಳಿಯುವಾಗ ತೊಡೆ ಮಾಡುವುದೂ ಅದೇ ಕೆಲಸ. ಉದ್ದವಾಗುತ್ತಲೇ ಮೈಭಾರಕ್ಕೆ ಬ್ರೇಕ್ ಹಾಕಬೇಕು. ಹಾಗಾಗಿ ಅವತ್ತು ನಾನು ಮೂರನೇ ಮಹಡಿಗೆ ಹೇಗೋ ಹತ್ತಿಬಿಟ್ಟೆ. ತೊಂದರೆ ಆಗಿದ್ದು ಕ್ಲಾಸ್ ಮುಗಿದ ಮೇಲೆ.

ಮೊದಲ ಮೆಟ್ಟಿಲಿಗೆ ಕಾಲಿಟ್ಟೆ. “ಅಮ್ಮಾ!” ಎರಡನೆಯದಕ್ಕೆ ಅಪ್ಪನನ್ನೂ ಕರೆದೆ. ಮೂರನೆಯದಕ್ಕೆ ಕರೆಯಲು ಹತ್ತಿರದ ನೆಂಟರು ಉಳಿದಿರಲಿಲ್ಲ. ಆಗ ಹೊಳೆಯಿತು, ತಿರುಗಿ ನಿಂತು ಹಿಮ್ಮುಖವಾಗಿ ಇಳಿದರೆ ಹೇಗೆ? ಪರವಾಗಿಲ್ಲ ಅನ್ನಿಸಿತು. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಮುಖ ಮೇಲಕ್ಕೆ ಮಾಡಿಕೊಂಡು ಕೆಳಗೆ ಹೊರಟೆ. ಎದುರಿಗೆ ಬರುತ್ತಿದ್ದ ಜೂನಿಯರ್‌ಗಳು ಗೌರವದಿಂದ ದಾರಿ ಬಿಟ್ಟರು. ಎರಡನೇ ಮಹಡಿಯ ತಿರುವಿನಲ್ಲಿ ಬೆನ್ನ ಹಿಂದಿನಿಂದ ದನಿ ಬಂತು.

“ಏನಮ್ಮ, ಹತ್ತುತ್ತಿದ್ದೀಯೋ, ಇಳಿಯುತ್ತಿದ್ದೀಯೋ?”

ಅದೇ ಅಟೆಂಡೆನ್ಸ್ ಸರ್. ಅವತ್ತು ಲಿಫ್ಟ್ ಕೆಟ್ಟಿತ್ತಂತೆ. ಕೆಡಲು ಬೇರೆ ದಿನವೇ ಸಿಗಲಿಲ್ಲ.

“ಇಳೀತಿದ್ದೀನಿ ಸರ್.”

“ರಿವರ್ಸ್ ಬರುವಾಗ ಹಾರ್ನ್ ಹೊಡಿಬೇಕಮ್ಮ” ಎಂದು ಪಕ್ಕದಿಂದ ಹತ್ತಿ ಹೋದರು. ಮಧ್ಯಾಹ್ನ ಲ್ಯಾಬಿನಲ್ಲಿ ಪೆನ್ನು ಕೆಳಗೆ ಬಿತ್ತು. ಬಗ್ಗುವ ಧೈರ್ಯ ಬರಲಿಲ್ಲ, ಅಲ್ಲೇ ಬಿಟ್ಟು ಬಂದೆ. ಒಳ್ಳೇ ಪೆನ್ನು.

ಇಷ್ಟಾದ ಮೇಲೆ ಬುದ್ಧಿ ಇದ್ದವರು ನಿಲ್ಲಿಸುತ್ತಾರೆ. ನಾಲ್ಕು ದಿನ ಕಳೆದು ಮತ್ತೆ ಬಸ್ಕಿ ಹೊಡೆದೆ, ಹದಿನೈದೇ. ಈ ಸಲ ಅಷ್ಟು ನೋಯಲಿಲ್ಲ. ಒಂದು ಸಲ ಪೆಟ್ಟು ತಿಂದ ಸ್ನಾಯು ಎರಡನೇ ಸಲಕ್ಕೆ ಹುಷಾರಾಗಿರುತ್ತದೆ. ನನಗಿಂತ ನನ್ನ ತೊಡೆಗೇ ಬೇಗ ಪಾಠ ಹತ್ತುತ್ತದೆ ಎನ್ನುವುದು ಒಂದು ಥರ ಖುಷಿ ಕೊಟ್ಟಿತು. ಅಲ್ಲಿಂದ ಹುಚ್ಚು ಜಾಸ್ತಿಯಾಯಿತು.

ಟ್ರೆಡ್‌ಮಿಲ್ ಕಥೆ ಬೇಗ ಹೇಳಿ ಮುಗಿಸುತ್ತೇನೆ, ಅದು ಮುಗಿದದ್ದೂ ಬೇಗ. ಆ ಯಂತ್ರದ ಅಜ್ಜ ಹುಟ್ಟಿದ್ದು ಜೈಲಿನಲ್ಲಿ. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲಿಷ್ ಎಂಜಿನಿಯರ್ ಕೈದಿಗಳಿಗಾಗಿ ದೊಡ್ಡ ಚಕ್ರ ಮಾಡಿಸಿದ. ಅದರ ಮೆಟ್ಟಿಲುಗಳನ್ನು ಗಂಟೆಗಟ್ಟಲೆ ತುಳಿಯಬೇಕು. ಎಷ್ಟು ಹತ್ತಿದರೂ ಅಲ್ಲೇ. ಕೆಲವು ಜೈಲುಗಳಲ್ಲಿ ಅದರಿಂದ ಕಾಳನ್ನಾದರೂ ಬೀಸುತ್ತಿದ್ದರು. ನಾವು ಅದನ್ನೂ ಮಾಡುವುದಿಲ್ಲ. ಇಷ್ಟು ತಿಳಿದೂ ಹತ್ತಿದೆ. ಬಟ್ಟೆಗೆ ಸಿಕ್ಕಿಸಿಕೊಳ್ಳಲು ಒಂದು ಕೆಂಪು ದಾರ ಇರುತ್ತದೆ, ನೀವು ಜಾರಿದರೆ ಅದು ಕಿತ್ತು ಬಂದು ಯಂತ್ರ ನಿಲ್ಲುತ್ತದೆ. ಅದೆಲ್ಲ ಮುದುಕರಿಗೆ ಅಂದುಕೊಂಡೆ. ಚೆನ್ನಾಗಿಯೇ ಓಡುತ್ತಿದ್ದೆ. ಯಾರೋ ಯಾರನ್ನೋ “ಏಯ್!” ಎಂದು ಕರೆದರು. ನನ್ನನ್ನೇ ಇರಬೇಕು ಎಂದು ನಿಂತು ತಿರುಗಿದೆ. ನಾನು ನಿಂತೆ, ನೆಲ ನಿಲ್ಲಲಿಲ್ಲ. ಕರೆದವರ ಕಾಲ ಬುಡಕ್ಕೇ ತಲುಪಿಸಿತು. “ನಿಮ್ಮನ್ನಲ್ಲ ಕರೆದದ್ದು” ಎಂದರು ಅವರು, ಪಾಪ, ಬಹಳ ಮೆಲ್ಲಗೆ.

ಮಂಡಿ ತರಚಿದ್ದು ವಾಸಿಯಾಗುವವರೆಗೆ ಜಿಮ್ ಬೇಡ, ರೂಮಿನಲ್ಲೇ ಏನಾದರೂ ಮಾಡೋಣ ಅಂತ ಹಾಸ್ಟೆಲ್ ಬಿಟ್ಟು ಹೋಗುತ್ತಿದ್ದ ಸೀನಿಯರ್ ಒಬ್ಬರಿಂದ 5 ಕೆ.ಜಿ.ಯ ಎರಡು ಡಂಬ್‌ಬೆಲ್ ಇಸಿದುಕೊಂಡೆ. ಬೆಳಿಗ್ಗೆ ಐದಕ್ಕೆ ಎದ್ದು, ರೂಮ್‌ಮೇಟ್‌ಗೆ ಎಚ್ಚರವಾಗದ ಹಾಗೆ ಕತ್ತಲಲ್ಲೇ ಎತ್ತುತ್ತಿದ್ದೆ. ಒಂದು ದಿನ ಬೆವರಿದ ಕೈಯಿಂದ ಒಂದು ಜಾರಿತು. ಬಿದ್ದ ಸದ್ದು ಒಂದು. ಆಮೇಲೆ ಅದು ಉರುಳಿಕೊಂಡು ಹೋಗಿ ಕಬ್ಬಿಣದ ಮಂಚದ ಕಾಲಿಗೆ ಬಡಿದ ಸದ್ದು ಇನ್ನೊಂದು. ಮೂರನೆಯದು ರೂಮ್‌ಮೇಟ್ ಕಿರುಚಿದ್ದು. ಸರಿಯಾಗಿ ನಮ್ಮ ಕೆಳಗಿನ ರೂಮು ವಾರ್ಡನ್ ಮೇಡಂ ಅವರದು.

ಮೇಡಂ ಟಾರ್ಚ್ ಹಿಡಿದು ಬಂದರು. “ಏನದು?”

“ಡಂಬ್‌ಬೆಲ್ ಮೇಡಂ.”

ಇಷ್ಟಕ್ಕೆ ಸುಮ್ಮನಿರಬಹುದಿತ್ತು. ಹಿಂದಿನ ರಾತ್ರಿಯಷ್ಟೇ ಓದಿದ್ದೆ ನೋಡಿ, ಬಾಯಿ ತಡೆಯಲಿಲ್ಲ. “ಹಾಗಂದರೆ ಮೂಕ ಗಂಟೆ ಅಂತ ಮೇಡಂ. ಹಿಂದೆ ಇಂಗ್ಲೆಂಡಿನಲ್ಲಿ ಚರ್ಚಿನ ಗಂಟೆ ಎಳೆದ ಹಾಗೇ ಹಗ್ಗ ಎಳೆದು ಕಸರತ್ತು ಮಾಡುತ್ತಿದ್ದರಂತೆ, ಸದ್ದು ಮಾತ್ರ ಬರುತ್ತಿರಲಿಲ್ಲ. ಆ ಹೆಸರೇ ಇದಕ್ಕೂ ಬಂತು.”

ಮೇಡಂ ಟಾರ್ಚನ್ನು ನನ್ನ ಮುಖಕ್ಕೆ ಹಿಡಿದರು. “ಸದ್ದು ಬರಲ್ಲ?” ಎಂದರು. ಎರಡೂ ಮೂಕ ಗಂಟೆಗಳು ಈಗ ಅವರ ಆಫೀಸಿನಲ್ಲಿವೆ. ಒಂದು ಬಾಗಿಲು ಹೊಡೆದುಕೊಳ್ಳದ ಹಾಗೆ ತಡೆಗೆ ಇದೆ, ಇನ್ನೊಂದು ಹಾಜರಿ ಪುಸ್ತಕದ ಮೇಲೆ.

ಸಲಕರಣೆ ಹೋದ ಮೇಲೆ ಉಳಿದದ್ದು ಕಾಲು. ಫೋನು ಹೆಜ್ಜೆ ಎಣಿಸುತ್ತದೆ, ದಿನಕ್ಕೆ 10,000 ಆಗಬೇಕು. ಒಂದು ರಾತ್ರಿ 11:40ಕ್ಕೆ ನೋಡುತ್ತೇನೆ, 9,412! ಇನ್ನೂ 588 ಬಾಕಿ. ರೂಮಿನಲ್ಲಿ ಗೋಡೆಯಿಂದ ಗೋಡೆಗೆ ಆರೇ ಹೆಜ್ಜೆ. ನಡೆಯತೊಡಗಿದೆ. ರೂಮ್‌ಮೇಟ್ ಮುಸುಕಿನೊಳಗಿಂದಲೇ, “ಆ ಹತ್ತು ಸಾವಿರ ಬಂದದ್ದು ಒಂದು ಯಂತ್ರದ ಹೆಸರಿನಿಂದ ಕಣೇ, ಮಲಕ್ಕೋ” ಎಂದಳು. ಅವಳು ಹೇಳಿದ್ದು ನಿಜ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರುಕಟ್ಟೆಗೆ ಬಿಟ್ಟಿತು. ಅದರ ಹೆಸರು ‘ಮಾನ್ಪೋ-ಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಹೆಸರು ಚೆನ್ನಾಗಿತ್ತು, ಸಂಖ್ಯೆ ನಿಂತುಬಿಟ್ಟಿತು. ಅಷ್ಟೇ ವಿಷಯ. ಫೋನನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೂ ಅದು ಎಣಿಸಿಕೊಳ್ಳುತ್ತದೆ, ನೋಡಿದ್ದೇನೆ. ನಾಲ್ಕು ಸಲ ಅಲ್ಲಾಡಿಸಿದೆ. ನಾಚಿಕೆಯಾಯಿತು. ಪ್ರಾಯಶ್ಚಿತ್ತಕ್ಕೆ ನಾಲ್ಕು ಹೆಜ್ಜೆ ಜಾಸ್ತಿಯೇ ನಡೆದು ಮಲಗಿದೆ. ಪರೀಕ್ಷೆಗೆ ಚೀಟಿ ಒಯ್ಯುವಾಗಲೂ ನನಗೆ ಇಷ್ಟು ನಾಚಿಕೆ ಆಗಿರಲಿಲ್ಲ. (ಒಂದೇ ಸಲ ಒಯ್ದದ್ದು, ಅದೂ ಬೇರೆ ಸಬ್ಜೆಕ್ಟಿನದಾಗಿತ್ತು.)

ಇಷ್ಟೆಲ್ಲದರ ನಡುವೆ ಗುಟ್ಟಾಗಿ ಒಂದು ಕೆಲಸ ನಡೆದಿತ್ತು. ಪುಷ್‌ಅಪ್. ಶುರುವಿನಲ್ಲಿ ನನ್ನ ಲೆಕ್ಕ ಸೊನ್ನೆ. ಕೆಳಗೆ ಹೋಗುವುದು ಬರುತ್ತಿತ್ತು, ಎಲ್ಲರಿಗೂ ಬರುತ್ತದೆ. ಪಿ.ಡಿ. ಸರ್ ಗೋಡೆಗೆ ಕೈ ಊರಿ ಮಾಡಲು ಹೇಳಿದರು. ಆಮೇಲೆ ಮೇಜಿಗೆ, ಆಮೇಲೆ ಮಂಡಿ ಊರಿ. ಕನ್ನಡಿಯಲ್ಲಿ ತೋಳು ನೋಡಿಕೊಂಡರೆ ಮೊದಲಿನ ಹಾಗೇ ಕಡ್ಡಿ. “ದಪ್ಪ ಆಗ್ತಾನೇ ಇಲ್ಲ ಸರ್” ಎಂದು ಅಳುಕುತ್ತಾ ಹೇಳಿದೆ. “ಮೊದಲ ಕೆಲವು ವಾರ ಬಲ ಬರೋದು ನರಗಳಿಂದ. ಇರೋ ಸ್ನಾಯುವನ್ನೇ ಎಲ್ಲಾ ಒಟ್ಟಿಗೆ ಕೆಲಸಕ್ಕೆ ಕರೆಯೋದನ್ನ ಅವು ಕಲಿತಾ ಇರ್ತವೆ. ಗಾತ್ರ ನಿಧಾನಕ್ಕೆ ಬರುತ್ತೆ” ಎಂದರು. ಅಂದರೆ ನನ್ನ ತೋಳಿನಲ್ಲೂ ಇಷ್ಟು ದಿನ ಹಾಜರಿ ಕೂಗುವವರು ಇರಲಿಲ್ಲ.

ಏಳನೇ ವಾರ, ಒಂದು ಮಂಗಳವಾರ, ಮಂಚದ ಪಕ್ಕದಲ್ಲಿ ಕೈಯೂರಿ ಕೆಳಗೆ ಹೋದೆ. ಮೂಗು ನೆಲಕ್ಕೆ ತಾಗಿತು. ಮಂಚದ ಕೆಳಗೆ ಕಳೆದುಹೋಗಿದ್ದ ನನ್ನ ಒಂದು ಕಾಲ್ಚೀಲ ಕಂಡಿತು. ಅದನ್ನು ನೋಡುತ್ತಲೇ ಒತ್ತಿದೆ. ತೋಳು ನಡುಗಿತು, ಕಿವಿ ಬಿಸಿಯಾಯಿತು, ನೆಲ ಮೆಲ್ಲಗೆ ದೂರ ಹೋಯಿತು. ಒಂದು! ಸುತ್ತ ನೋಡಿದೆ. ರೂಮ್‌ಮೇಟ್ ಗೊರಕೆ ಹೊಡೆಯುತ್ತಿದ್ದಳು. ಕಾಲ್ಚೀಲ ಬಿಟ್ಟರೆ ಸಾಕ್ಷಿ ಯಾರೂ ಇಲ್ಲ.

ಅಮ್ಮನಿಗೆ ಫೋನ್ ಮಾಡಿದೆ. “ಅಮ್ಮಾ, ಪುಷ್‌ಅಪ್ ಹೊಡೆದೆ!”

“ಎಷ್ಟು?”

“ಒಂದು.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಒಂದೇನಾ? ಇಷ್ಟು ಹೊತ್ತಿಗೆ ಫೋನ್ ಮಾಡಿದ್ಯಲ್ಲ, ಏನಾಯ್ತೋ ಅಂತ ಎದೆ ಹೊಡ್ಕೊಳ್ತು. ನಾನು ಈಗ ತಾನೇ ಎರಡು ಬಕೆಟ್ ನೀರು ಮಹಡಿಗೆ ಹೊತ್ತು ಬಂದೆ, ಯಾರಿಗೆ ಫೋನ್ ಮಾಡ್ಲಿ?”

ಎರಡೂ ಕೈಯಲ್ಲಿ ಭಾರ ಹಿಡಿದು ನಡೆಯುವುದಕ್ಕೆ ಜಿಮ್ಮಿನಲ್ಲಿ ಫಾರ್ಮರ್ಸ್ ವಾಕ್ ಎನ್ನುತ್ತಾರೆ. ಅಮ್ಮ ಅದನ್ನು ನಾನು ಹುಟ್ಟುವ ಮೊದಲಿನಿಂದ ಮಾಡುತ್ತಿದ್ದಾಳೆ, ಅದೂ ಮೆಟ್ಟಿಲ ಮೇಲೆ, ಬಯ್ಯುತ್ತಾ. ಬಯ್ಯಲು ಉಸಿರು ಮಿಗುತ್ತದೆ ಅಂದರೆ ಲೆಕ್ಕ ಹಾಕಿ.

ನನ್ನ ರೂಮ್‌ಮೇಟ್ ಕೊನೆಗೂ ಸೋತಳು. “ಹೆಂಗೂ ನಿದ್ದೆ ಇಲ್ಲ, ನಾನೂ ಬರ್ತೀನಿ” ಎಂದು ಹೋದ ಸೋಮವಾರ ಜಿಮ್ಮಿಗೆ ಬಂದಳು. ಸರ್ ಹದಿನೈದು ಬಸ್ಕಿ ಎಂದರು. ಸರ್ ಆ ಕಡೆ ತಿರುಗಿದ ಕೂಡಲೇ, “ನೀನು ಅರವತ್ತು ಅಲ್ವಾ?” ಎಂದು ಕೇಳಿ ಅರವತ್ತೊಂದು ಹೊಡೆದಳು. ಬೇಡ ಎಂದು ಹೇಳಬಹುದಿತ್ತು. ಆದರೆ ಆ ವಾರ್ತೆಯ ದನಿ, ಆ ನಗು, ನಾನು ಮರೆತಿರಲಿಲ್ಲ. ಸುಮ್ನೆ ಎಣಿಸುತ್ತಾ ನಿಂತೆ.

ಬುಧವಾರ ಅವಳನ್ನು ಮಂಚದಿಂದ ಎಬ್ಬಿಸುವಷ್ಟರಲ್ಲೇ ತಡವಾಯಿತು. ಮೂರೂ ಮಹಡಿ ಹೆಚ್ಚೂಕಡಿಮೆ ಎಳೆದುಕೊಂಡೇ ಹತ್ತಿಸಿದೆ. ಬಾಗಿಲಿಗೂ ನಾವು ಬಂದೆವು, ನಂಬರೂ ಬಂತು. “ಮೂವತ್ತೆಂಟು.”

“ಪ್ರೆಸೆಂಟ್ ಸರ್!” ಇಡೀ ಕ್ಲಾಸು ತಿರುಗಿ ನೋಡಿತು. ಸರ್ ಕೂಡ ತಲೆ ಎತ್ತಿದರು. ಎಂಥಾ ದನಿ ಅಂತೀರಿ!

“ಮೂವತ್ತೊಂಬತ್ತು.”

ಪಕ್ಕದಲ್ಲಿ ಸೈಕಲ್ ಪಂಪು ಸದ್ದು ಮಾಡಿತು. ಸರ್ ಕಾದರು. ಪಂಪು ಮತ್ತೊಮ್ಮೆ ಪ್ರಯತ್ನಪಟ್ಟಿತು. ನನ್ನಲ್ಲಿ ಇನ್ನೂ ಉಸಿರು ಮಿಕ್ಕಿತ್ತು, ತಡೆಯಲಾಗಲಿಲ್ಲ. “ಪ್ರೆಸೆಂಟ್ ಸರ್” ಎಂದು ಅವಳದನ್ನೂ ನಾನೇ ಹೇಳಿದೆ.

ಸರ್ ಕನ್ನಡಕ ತೆಗೆದರು. “ಪ್ರಾಕ್ಸಿ? ನನ್ನ ಕಣ್ಣೆದುರಿಗೇ? ಇಬ್ಬರೂ ಆಬ್ಸೆಂಟ್. ಹೊರಗೆ.”

ಅವಳು ಕಂಬಿ ಹಿಡಿದು, ತಿರುಗಿ ನಿಂತು, ಮುಖ ಮೇಲಕ್ಕೆ ಮಾಡಿಕೊಂಡು ಇಳಿಯತೊಡಗಿದಳು. ನಾನು ಮುಂದೆ ಮುಂದೆ ಇಳಿಯುತ್ತಾ, ಹತ್ತಿ ಬರುವವರಿಗೆಲ್ಲ ಅವಳ ಪರವಾಗಿ ಹಾರ್ನ್ ಹೊಡೆದೆ.