ಅಮ್ಮನಿಗೆ ಬಾಯಿ ಬಂದ ಕಥೆ

ನಮ್ಮ ಅಮ್ಮ ಒಬ್ಬಳೇ. ಕಾಗದದ ಮೇಲೆ ಮಾತ್ರ ನಾಲ್ಕು ಜನ. ಇದು ಗೊತ್ತಾಗಿದ್ದು, ಜರ್ಮನಿಯಲ್ಲಿರುವ ತಮ್ಮನ ಹೆಂಡತಿಯ ಬಾಣಂತನಕ್ಕೆ ಅವಳನ್ನು ಕಳಿಸೋಣ ಅಂತ ಮುಂಬೈ ಹತ್ತಿರದ ಡೊಂಬಿವಲಿಯ ಮನೆಯ ಕಪಾಟಿನಿಂದ ಹಳೇ ಫೈಲು ಇಳಿಸಿದಾಗ.

ನಿಜ ಹೆಸರು ಬರೆದರೆ ಬೈತಾಳೆ, ಸರಸ್ವತಿ ಅಂತ ಇಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಕೆ. ಸರಸ್ವತಿ'. ಕೆ ಅಂದರೆ ಕೋಟೇಶ್ವರ, ತವರೂರು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅಪ್ಪ ರೇಷನ್ ಕಾರ್ಡು ಮಾಡಿಸಲು ಹೋದರು. ಕಿಟಕಿಯೊಳಗಿನ ಗುಮಾಸ್ತ 'ಆಡ್ನಾವ್ ಕಾಯ್?' ಅಂದನಂತೆ, ಮನೆತನದ ಹೆಸರೇನು ಅಂತ. ಅಪ್ಪನ ಮರಾಠಿ ಆಗ ಹೋಟೆಲಿನ ಗಲ್ಲಾ ದಾಟಿರಲಿಲ್ಲ. ಊರು ಕೇಳ್ತಿದ್ದಾನೆ ಅಂದುಕೊಂಡು 'ಕುಂದಾಪುರ' ಅಂದರು. ಅವನು 'ಕುಂದಾಪುರ್ಕರ್' ಅಂತ ಬರೆದು ಮುಗಿಸಿದ. ಹೆಂಡತಿ ಹೆಸರು? ಸರಸ್ವತಿ. ಬರೀ ಸರಸ್ವತಿ ಅಂದರೆ ಮರ್ಯಾದೆ ಸಾಲದು ಅನ್ನಿಸಿತೋ ಏನೋ, ಹಿಂದೆ ಒಂದು 'ಬಾಯಿ' ಅಂಟಿಸಿ, ನಡುವೆ ಅಪ್ಪನ ಹೆಸರು ತುರುಕಿದ. "ನನಗೆ ಬಾಯಿ ಕೊಟ್ಟವನು ಆ ಗುಮಾಸ್ತ" ಅಂತ ಅಮ್ಮ ಈಗಲೂ ಹೇಳ್ತಾಳೆ.

ಬ್ಯಾಂಕಿನವರು 'ಸರಸ್ವತಿ ಕೆ' ಮಾಡಿದರು. ಆಧಾರ್‌ನಲ್ಲಿ ಬಾಯಿ ಹೋಯಿತು. ಪಾಸ್‌ಪೋರ್ಟಿನಲ್ಲಿ ಮತ್ತೆ ಬಂತು.

ಅಪ್ಪ, ಊರು, ಮನೆ ಎಲ್ಲವನ್ನೂ ಒಂದೇ ಅಕ್ಷರದಲ್ಲಿ ಮಡಚಿಟ್ಟುಕೊಂಡು ಬಂದವರು ನಾವು. ಲೋಕದ ಅರ್ಜಿಗಳಲ್ಲಿ ಇರುವುದು ಎರಡೇ ಖಾನೆ, ಮೊದಲ ಹೆಸರು ಮತ್ತು ಮನೆತನದ ಹೆಸರು. ಒಂದು ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಎಫ್‌ಎನ್‌ಯು ಅಂತ ಅಚ್ಚಾಗುತ್ತದೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಹುಟ್ಟಿದ ಹನ್ನೊಂದನೇ ದಿನ ಕಿವಿಯಲ್ಲಿ ಮೂರು ಸಲ ಹೇಳಿದ್ದ ಹೆಸರು! 2022ರ ನವೆಂಬರಿನಲ್ಲಿ ಯುಎಇ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗಳು ಬರಲೇಬೇಡಿ ಅಂದಿತು. ಆಮೇಲೆ, ಕೊನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ಆದೀತು ಅಂತ ಸ್ವಲ್ಪ ಸಡಿಲ ಬಿಟ್ಟಿತು.

ವೀಸಾ ಏಜೆಂಟು ಅಮ್ಮನ ಫೈಲು ನೋಡಿ, ನಾಲ್ವರೂ ಒಬ್ಬಳೇ ಅಂತ ಅಫಿಡವಿಟ್ ಬೇಕು ಅಂದ. ಕೋರ್ಟಿನ ಹೊರಗೆ ಕೊಡೆ ಬಿಚ್ಚಿ ಕೂತಿದ್ದ ನೋಟರಿಯ ಹತ್ತಿರ ಹೋದೆವು. ಅಮ್ಮ ಅವರ ಎದುರಿಗೇ, ಇಡೀ ಮನುಷ್ಯಳಾಗಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ನಿಂತಿದ್ದಳು. ಅವರು ತಲೆ ಎತ್ತಲಿಲ್ಲ. "ಆಧಾರ್ ಝೆರಾಕ್ಸ್?" ಕೊಟ್ಟೆ. "ಪಾಸ್‌ಪೋರ್ಟ್ ಝೆರಾಕ್ಸ್?" ಕೊಟ್ಟೆ. ಎರಡು ಝೆರಾಕ್ಸುಗಳನ್ನು ಪಕ್ಕಪಕ್ಕ ಇಟ್ಟು, ಇಬ್ಬರೂ ಒಬ್ಬರೇ ಅಂತ ಖಾತ್ರಿ ಮಾಡಿಕೊಂಡು, ಮೂರು ಮೊಹರು ಒತ್ತಿದರು. ಅಮ್ಮನ ಜಾಗದಲ್ಲಿ ಪಕ್ಕದ ಕಟಿಂಗ್ ಚಾಯ್‌ನವನನ್ನು ನಿಲ್ಲಿಸಿದ್ದರೂ ಅಫಿಡವಿಟ್ ಆಗ್ತಿತ್ತು.

ಇನ್ನು ಷೆಂಗೆನ್ ವೀಸಾ, ಅಂದರೆ ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ಶುಲ್ಕ 90 ಯೂರೋ, 2024ರ ಜೂನ್‌ವರೆಗೆ 80 ಇತ್ತು. 30,000 ಯೂರೋಗೆ ಕಡಿಮೆಯಿಲ್ಲದ ವಿಮೆ. ತಮ್ಮ ಅಲ್ಲಿಂದ 29 ಯೂರೋ ಕೊಟ್ಟು ಅಮ್ಮನ ಖರ್ಚು ನನ್ನದು ಅಂತ ಒಂದು ಪತ್ರ ಮಾಡಿಸಿ ಕಳಿಸಿದ. ಅದರ ಹೆಸರು ಫರ್‌ಪ್ಫ್ಲಿಖ್ಟುಂಗ್ಸ್‌ಎರ್ಕ್ಲೇರುಂಗ್. ಹದಿನೈದು ಡಬ್ಬಿ ಲೋಕಲ್ ಟ್ರೈನ್ ಥರ ಇದೆ, ಓದಿ ಮುಗಿಸುವಷ್ಟರಲ್ಲಿ ಠಾಣೆ ಸ್ಟೇಷನ್ ಬಂದಿರುತ್ತದೆ. ಅಷ್ಟುದ್ದದ ಪದಕ್ಕೆ ಯಾರೂ ತಕರಾರು ಮಾಡಲ್ಲ, ನಮ್ಮ 'ಕೆ' ಒಂದೇ ಎಲ್ಲರಿಗೂ ಗಂಟಲಲ್ಲಿ ಸಿಕ್ಕಿಕೊಂಡಿದ್ದು.

ವಾಪಸ್ ಬರ್ತೀನಿ ಅನ್ನೋದಕ್ಕೂ ಸಾಕ್ಷಿ ಬೇಕಂತೆ. ಮನೆ ಪತ್ರ, ಪಿಂಚಣಿ, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸ್ತಾ ಕೂತಿದ್ದೆ. ಅಮ್ಮ ಅಡುಗೆಮನೆಯಿಂದಲೇ, "ಮಳೆಗಾಲಕ್ಕೆ ಮೊದಲು ಹಲಸಿನ ಹಪ್ಪಳ ಒಣಗಿಸೋಕೆ ಬರಲೇಬೇಕಲ್ಲ, ಅದನ್ನ ಬರಿ" ಅಂದಳು. ಬರೆಯಲಿಲ್ಲ. ಬರೆದಿದ್ದರೆ ಇಡೀ ಫೈಲಿನಲ್ಲಿ ಅದೊಂದೇ ನಂಬುವಂಥ ಮಾತಾಗಿರುತ್ತಿತ್ತು.

ಫೋಟೋ ಅಳತೆ 35 ಕ್ಕೆ 45 ಮಿಲಿಮೀಟರ್. ನಗಬಾರದು. "ಆಜಿ, ತೋಂಡ್ ಬಂದ್" ಅಂದ ಸ್ಟುಡಿಯೋ ಹುಡುಗ. ಒಬ್ಬ ಬಾಯಿ ಕೊಟ್ಟ, ಇನ್ನೊಬ್ಬ ಮುಚ್ಚಿಸಿದ.

ಅರ್ಜಿ ಒಳಗೆ ಹೋಗಿದೆ. ತೀರ್ಮಾನಕ್ಕೆ 15 ದಿನ ಅಂತ ನಿಯಮ, ಬೇಕಾದರೆ 45ರವರೆಗೂ ಎಳೆಯಬಹುದು. ಅವರು ಎಳೀತಾ ಇದ್ದಾರೆ. ಅಷ್ಟರಲ್ಲಿ ಮಗು ಯಾವ ಅಪಾಯಿಂಟ್‌ಮೆಂಟೂ ತಗೊಳ್ಳದೆ ಬಂದೇಬಿಟ್ಟಿತು. ಹೆಣ್ಣು. ಮೊನ್ನೆ ತಮ್ಮ ಫೋನ್ ಮಾಡಿದ್ದ. ಜನನ ನೋಂದಣಿಯವರು ಮನೆತನದ ಹೆಸರು ಕೇಳಿದರಂತೆ, ಇವನು ಒಂದೊಂದೇ ಅಕ್ಷರ ಬಿಡಿಸಿ ಕುಂದಾಪುರ್ಕರ್ ಅಂತ ಬರೆಸಿದನಂತೆ.

ಅಮ್ಮ ಫೋನ್ ಕಸಿದುಕೊಂಡಳು.

"ಹಿಂದೆ ಬಾಯಿ ಸೇರಿಸಿಲ್ಲ ತಾನೆ?"